ಸೊಸೆ ಹೇಳುತ್ತಿದ್ದ ಅತ್ತೆಯ ಕಥೆ

ಮುಚ್ಚಿದ ಕೋಣೆಯೊಳಗಿನಿಂದ ಮೊದಲು ಒಂದು ಇಂಗ್ಲಿಷ್ ವಾಕ್ಯ ಬರುತ್ತಿತ್ತು. ಆಮೇಲೆ ಲೋಟಕ್ಕೆ ಚಮಚ ಬಡಿದ 'ಟಿಣ್' ಸದ್ದು. ಆಮೇಲೆ ಅದೇ ವಾಕ್ಯ ಇನ್ನೊಮ್ಮೆ, ತುಸು ತಿದ್ದಿಕೊಂಡು. ಹೊರಗೆ ಅತ್ತೆ ಕುರ್ಚಿಯಲ್ಲಿ ಕೂತು ಮಗನ ಅಂಗಿಗೆ ಗುಂಡಿ ಹಾಕುತ್ತಿದ್ದರು. ನಾಲ್ಕು ದಿನದಿಂದ ಅದೇ ಅಂಗಿ, ಅದೇ ಗುಂಡಿ.

ಸೊಸೆಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಮೂವತ್ತು ವರ್ಷ ಟೈಲರ್ ಅಂಗಡಿಯಲ್ಲಿ ಗಿರಾಕಿಗಳ ಅಳತೆ ತೆಗೆದ ಅತ್ತೆಗೆ ಇಂಗ್ಲಿಷ್ ಬಾಯಿಗೆ ಬಾರದಿದ್ದರೂ ಕಿವಿಗೆ ಬರುತ್ತಿತ್ತು.

"ನನ್ನ ಅತ್ತೆ ಸಕ್ಕರೆ ಡಬ್ಬಿಗೆ ಬೀಗ ಹಾಕುತ್ತಿದ್ದರು." ಟಿಣ್. "ಕೆಲಸದಿಂದ ಬಂದರೆ ನನ್ನ ಜೇಬು ತಡಕುತ್ತಿದ್ದರು."

ಅತ್ತೆಯ ಸೂಜಿ ನಿಂತಿತು. ಇರುವೆ ಕಾಟಕ್ಕೆ ಡಬ್ಬಿಯನ್ನು ಮೇಲಿನ ಗೂಡಿಗೆ ಎತ್ತಿಟ್ಟದ್ದು ನಿಜ. ಬೀಗ ಎಲ್ಲಿಂದ ಬಂತು? ಬಟ್ಟೆ ನೆನೆಸುವ ಮೊದಲು ಜೇಬು ನೋಡುವುದೂ ನಿಜ, ಚೀಟಿಪಾಟಿ ಒದ್ದೆಯಾಗಬಾರದೆಂದು. ಅದೂ ತಪ್ಪೇ?

ಸೊಸೆ ವಾರಕ್ಕೊಮ್ಮೆ ಸಂಜೆ ಗ್ರಂಥಾಲಯದ ಮಹಡಿಗೆ ಇಂಗ್ಲಿಷ್ ಕಲಿಯಲು ಹೋಗುತ್ತಿದ್ದಳು. ಮನೆಯ ಕಥೆಗಳನ್ನು ಬಾಯಿಬಿಟ್ಟು ಹೇಳುತ್ತಾ ವ್ಯಾಕರಣ ಕಲಿಯುವ ತರಗತಿಯಂತೆ. ಮನೆಯ ಕಥೆ ಎಂದರೆ ಯಾರ ಕಥೆ ಎಂದು ಅತ್ತೆಗೆ ಈಗ ಹೊಳೆಯಿತು.

ಮಗನನ್ನು ತಡೆದು ಕೇಳಿದರು. "ನಿನ್ನ ಹೆಂಡ್ತಿ ಒಳಗೆ ಕೂತು ಏನೋ ಹೇಳ್ತಿರ್ತಾಳೆ?"

"ಭೂತಕಾಲ ಕಲೀತಿದಾಳಮ್ಮ."

"ಸರಿ ಬಿಡು. ನನಗೇ ಭೂತ ಬಿಡಿಸ್ತಿದಾಳೆ."

ಮಗ ನಕ್ಕು, ಮೊಮ್ಮಗಳನ್ನು ಶಾಲೆಗೆ ಬಿಡಲು ಚಪ್ಪಲಿ ಮೆಟ್ಟಿ ಹೊರಟ. ಆ ನಗುವೂ ಅತ್ತೆಯ ಲೆಕ್ಕಕ್ಕೆ ಸೇರಿತು. ಅಂದರೆ ಇವನಿಗೂ ಗೊತ್ತು!

ಸಂಜೆ ಸೊಸೆ ಕೇಳದೆಯೇ ಅತ್ತೆಯ ಕನ್ನಡಕ ಒರೆಸಿ ಕೊಟ್ಟಳು. ಚಹದ ಲೋಟ ಬಿಸಿಯೆಂದು ಬಟ್ಟೆ ಸುತ್ತಿ ಕೈಗಿಟ್ಟಳು. ಬೇರೆ ದಿನವಾಗಿದ್ದರೆ ಅತ್ತೆಯ ಮನಸ್ಸು ತುಂಬುತ್ತಿತ್ತು. ಇವತ್ತು ಮಾತ್ರ, ಇಷ್ಟೊಂದು ಉಪಚಾರ ಯಾಕೋ ಎಂದು ಕನ್ನಡಕದೊಳಗಿಂದಲೇ ಅವಳನ್ನು ಅಳೆದರು.

"ಏನತ್ತೆ, ಹಾಗೆ ನೋಡ್ತೀರಾ?"

"ಏನಿಲ್ಲಮ್ಮ. ಒರೆಸಿದ್ಮೇಲೆ ಎಲ್ಲಾ ಚೆನ್ನಾಗಿ ಕಾಣ್ತಿದೆ."

ಐದನೆಯ ದಿನ ಕೊನೆಯ ವಾಕ್ಯ ಬಂತು. "ಕಡೆಗೆ ಅತ್ತೆಯನ್ನು ಅವರ ಇನ್ನೊಬ್ಬ ಮಗಳ ಮನೆಗೆ ಕಳಿಸಿಬಿಟ್ಟೆವು."

ಅತ್ತೆ ಅಂಗಿಯನ್ನು ಪಕ್ಕಕ್ಕಿಟ್ಟರು. ತಮಗೂ ಒಬ್ಬ ಮಗಳಿದ್ದಳು, ಪಕ್ಕದ ಊರಿನಲ್ಲಿ, ಎರಡು ಕೋಣೆಯ ಮನೆಯಲ್ಲಿ. ಇನ್ನೂ ಕಳಿಸಿಲ್ಲ, ಆಗಲೇ ಕಳಿಸಿಯಾಯಿತು ಅನ್ನುವಂತೆ ಒಪ್ಪಿಸುತ್ತಿದ್ದಾಳಲ್ಲ! 'ಇನ್ನೊಬ್ಬ' ಎಂಬ ಮಾತು ಒಂದು ಕ್ಷಣ ಚುಚ್ಚಿತು, ತನಗಿರುವವಳು ಒಬ್ಬಳೇ. ಸಿಟ್ಟಿನಲ್ಲಿ ಅದನ್ನು ಯಾರು ನೋಡುತ್ತಾರೆ? ಹೋಗು ಅನ್ನಿಸಿಕೊಂಡು ಹೋಗುವುದಕ್ಕಿಂತ ತಾನಾಗಿ ಹೋಗುವುದೇ ಮರ್ಯಾದೆ ಎಂದುಕೊಂಡು ಅತ್ತೆ ನಾಲ್ಕು ಬಟ್ಟೆ, ಔಷಧಿ, ಹೊಲಿಗೆಯ ಸಾಮಾನು ಚೀಲಕ್ಕೆ ತುರುಕಿ ಮಂಚದ ಕೆಳಗೆ ತಳ್ಳಿದರು. ಆದರೆ ಹೊರಡುವ ಮೊದಲು ಒಮ್ಮೆ ಕಣ್ಣಾರೆ ನೋಡಬೇಕಿತ್ತು. ಸೊಸೆ ಎಷ್ಟು ಜನರ ಮುಂದೆ ತನ್ನ ಮಾನ ಕಳೆಯುತ್ತಾಳೋ!

ತರಗತಿಯ ಸಂಜೆ ಸೊಸೆ ಹೋದ ಕಾಲು ಗಂಟೆಗೆ ಅತ್ತೆ ಹಿಂದೆಯೇ ನಡೆದರು. ಮಹಡಿಯ ಮೆಟ್ಟಿಲ ಬಳಿ ಕಸ ಗುಡಿಸುತ್ತಿದ್ದವಳು ಏನೂ ಕೇಳದೆ ಕೈಹಿಡಿದು ಹತ್ತಿಸಿ, ಕೊನೆಯ ಸಾಲಿನ ಕುರ್ಚಿಯ ಧೂಳು ಒರೆಸಿ ಕೂರಿಸಿದಳು. ಮುಂದೆ ಹತ್ತು ಹನ್ನೆರಡು ತಲೆ. ಟೀಚರ್ ಮೇಜಿನ ಮೇಲೆ ಒಂದು ಗಾಜಿನ ಲೋಟ. ಹೇಳುವವರ ಕಥೆ ನಿನ್ನೆಯಿಂದ ಜಾರಿ ಇವತ್ತಿಗೆ ಬಂದರೆ ಟೀಚರ್ ಪೆನ್ನಿನಿಂದ ಲೋಟ ಬಡಿಯುತ್ತಿದ್ದರು. ಟಿಣ್. ಹೇಳುವವರು ನಿಂತು ತಿದ್ದಿಕೊಳ್ಳುತ್ತಿದ್ದರು.

ಪೊದೆಮೀಸೆಯ ಬಸ್ ಡ್ರೈವರ್ ಒಬ್ಬ ಎದ್ದು ನಿಂತ. ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಶುರುಮಾಡಿದ.

"ಆಗ ನಾನು ಎಂಟು ತಿಂಗಳ ಬಸುರಿ."

ಯಾರೂ ನಗಲಿಲ್ಲ. ಅತ್ತೆ ಬಾಯಿಬಿಟ್ಟುಕೊಂಡು ಪಕ್ಕದ ಹೆಂಗಸಿನ ಮೊಣಕೈ ತಿವಿದರು. "ಇವನೇನಮ್ಮ ಹೀಗೆ ಹೇಳ್ತಾನೆ?"

"ಕಥೆ ಅದಲುಬದಲು, ಅಜ್ಜಿ. ಜೋಡಿಯವರ ಕಥೆ ನಾವು ಹೇಳ್ಬೇಕು, ನಮ್ಮದೇ ಅನ್ನೋ ಹಾಗೆ. ನಮ್ಮದನ್ನ ಅವ್ರು ಹೇಳ್ತಾರೆ. ಹೋದ್ವಾರ ಇವ್ರು ಹೇಳ್ಕೊಟ್ರು, ಮಾವನ ಮನೇಲಿದ್ದಾಗ ಅತ್ತೆ ಸಕ್ಕರೆಗೆ ಬೀಗ ಹಾಕ್ತಿದ್ರಂತೆ, ಪಾಪ. ಅದನ್ನ ಆಮೇಲೆ ಅಲ್ಲಿ ಕೂತಿರೋ ಹುಡುಗಿ ಹೇಳ್ತಾಳೆ."

ಅವಳು ಬೆರಳು ಮಾಡಿದ್ದು ಸೊಸೆಯ ಕಡೆಗೆ. ಹಾಗಾದರೆ ಈ ಮೀಸೆಯವನ ಬಾಯಲ್ಲಿ ಬರುತ್ತಿರುವುದು ಯಾರ ಅತ್ತೆ? ಅತ್ತೆ ಕುರ್ಚಿಯ ತುದಿಗೆ ಬಂದರು.

"ಅಂಗಡಿಯಿಂದ ಮನೆಗೆ ತಂದು ಶಾಲೆಯ ಲಂಗ ಹೊಲಿಯುತ್ತಿದ್ದೆ. ನನ್ನ ಅಂಚು ಸೊಟ್ಟ. ಅತ್ತೆ ಎಲ್ಲದಕ್ಕೂ ಗೊಣಗುತ್ತಾರೆ" ಟಿಣ್ "ಗೊಣಗುತ್ತಿದ್ದರು. ಆದರೆ ಅಂಗಡಿಯವನು ಒಮ್ಮೆಯೂ ಬಯ್ಯಲಿಲ್ಲ. ಒಂದು ದಿನ ಅಂಚು ತಿರುಗಿಸಿ ನೋಡಿದೆ. ನಾನು ದಾರಕ್ಕೆ ಒಂದೇ ಗಂಟು ಹಾಕುವವಳು. ಅಲ್ಲಿ ಎರಡಿದ್ದವು. ನಾನು ಏಳುವ ಮೊದಲು ಅತ್ತೆ ಬಿಚ್ಚಿ ಹೊಲಿದಿದ್ದರು, ಐದು ಲಂಗ. ನನಗೆ ಗೊತ್ತೆಂದು ಅವರಿಗೆ ಗೊತ್ತಿಲ್ಲ."

"ಸೆವೆನ್!"

ಎಲ್ಲ ತಲೆಗಳೂ ಹಿಂದೆ ತಿರುಗಿದವು. ಬಾಯಿ ತನ್ನದೇ ಎಂದು ಅತ್ತೆಗೆ ತಡವಾಗಿ ತಿಳಿಯಿತು. ಟೀಚರ್ ಪೆನ್ನು ಕೆಳಗಿಟ್ಟರು. ಸೊಸೆ ಮುಖವೆಲ್ಲ ಕೆಂಪಾಗಿ ಎದ್ದು ಬಂದಳು.

"ನೀವಿಲ್ಲಿ? ಮೆಟ್ಟಿಲು ಹೇಗತ್ತೆ ಹತ್ತಿದ್ರಿ?"

"ಕಾಲಲ್ಲಿ. ಐದಲ್ಲ ಕಣೆ, ಏಳು ಲಂಗ. ಹೇಳೋದಾದ್ರೆ ಸರಿಯಾಗಿ ಹೇಳ್ಬೇಕು. ಗೊಣಗ್ತಿದ್ದೆ ಅನ್ನೋದನ್ನ ಬಿಡೋಕಾಗಲ್ವಾ?"

"ಅದೂ ನಿಜಾನೇ ಅಲ್ವಾ?"

ವಾಪಸು ಬರುವಾಗ ಸೊಸೆ ಅತ್ತೆಯ ತೋಳು ಹಿಡಿದಿದ್ದಳು. ಮನೆ ಬಾಗಿಲಲ್ಲಿ ಸೊಸೆ ಮೆಲ್ಲಗೆ ಅಂದಳು, "ಅತ್ತೆ, ಮಂಚದ ಕೆಳಗಿನ ಚೀಲದಲ್ಲಿ ನನ್ನ ಕತ್ತರಿ ಸೇರ್ಕೊಂಡಿದೆ. ಹೋಗೋ ಹಾಗಿದ್ರೆ ಕೊಟ್ಟು ಹೋಗಿ."

ಅತ್ತೆ ಹೊಸ್ತಿಲಲ್ಲೇ ನಿಂತರು. "ಯಾವಾಗ ನೋಡ್ದೆ?"

"ನೀವು ಇಟ್ಟ ದಿನವೇ. ನಾನೇನು ತಪ್ಪು ಮಾಡಿದ್ನೋ ಅಂತ ಅವತ್ತಿಂದ ನಿಮ್ಮ ಮುಖಾನೇ ನೋಡ್ತಿದ್ದೆ."

ಅತ್ತೆ ಒಳಗೆ ಹೋಗಿ ಚೀಲ ಎಳೆದರು. ಕತ್ತರಿ ತೆಗೆದು ಸೊಸೆಯ ಕೈಗೆ ಕೊಡಲಿಲ್ಲ, ಇಬ್ಬರೂ ಬಳಸುವ ಹೊಲಿಗೆ ಯಂತ್ರದ ಡ್ರಾಯರಿಗೆ ಹಾಕಿದರು. ಆಮೇಲೆ ಬಟ್ಟೆಗಳನ್ನು ಒಂದೊಂದಾಗಿ ಕೊಡವಿ ಕಪಾಟಿಗೆ ಜೋಡಿಸತೊಡಗಿದರು.