ಅತ್ತಿಗೆಯ ಪಥ್ಯ

"ಇನ್ನು ಎಲ್ಲಾ ತಿನ್ನಬಹುದು ಅಂದ್ಬಿಟ್ಟಿದಾರೆ ಡಾಕ್ಟ್ರು. ಪಥ್ಯಗಿಥ್ಯ ಎಲ್ಲ ಇಲ್ಲಿಗೇ ಮುಗೀತು."

ಅಣ್ಣನಿಗೆ ಹೆಣ್ಣು ನೋಡಲು ಹೋದಾಗ ಚಂಪಕಳ ತಾಯಿ ಆಡಿದ ಮಾತಿದು. ಆ ಹುಡುಗಿಗೆ ಹುಟ್ಟಿನಿಂದಲೇ ಹಾಲು, ಬೇಳೆ, ಕಡಲೆಕಾಯಿ ಒಗ್ಗುತ್ತಿರಲಿಲ್ಲ. ತಿಂದರೆ ಒಳಗೇ ವಿಷವಾಗಿ ಮಿದುಳಿಗೆ ಏರುವ ಕಾಯಿಲೆ, ರಕ್ತದಲ್ಲೇ ಬಂದದ್ದು. ಮರಗೆಣಸಿನ ರೊಟ್ಟಿ, ಸೊಪ್ಪು, ಆಸ್ಪತ್ರೆಯ ನಾರುವ ಪುಡಿ ಕೊಟ್ಟು ಬೆಳೆಸಿದ್ದರು. ನಮ್ಮವ್ವ ಹೋಳಿಗೆಯ ತಟ್ಟೆಯನ್ನು ಅವಳತ್ತ ಸರಿಸಿ, "ತಿನ್ನಮ್ಮ, ನೋಡೋಣ" ಎಂದಳು. ಹೂರಣ ನಾಲಿಗೆಗೆ ತಾಗಿದಾಗ ಚಂಪಕ ಕಣ್ಣು ಮುಚ್ಚಿಕೊಂಡದ್ದು ನನಗೆ ಈಗಲೂ ಕಾಣುತ್ತದೆ. ಹೋಳಿಗೆ ಮುಗಿಯುವುದರೊಳಗೆ ಸಂಬಂಧ ಕುದುರಿತು.

ಮದುವೆಯಾಗಿ ಬಂದ ಅತ್ತಿಗೆ ಹೊಸ ಹಲ್ಲು ಬಂದ ಕೂಸಿನ ಹಾಗೆ ತಿಂದಳು. "ಮೊಸರು ಅಂದ್ರೆ ಹಿಂಗಿರುತ್ತೇನೇ? ಊರಿಗೆ ಊರೇ ನನ್ನ ಬಿಟ್ಟು ತಿಂತಿತ್ತಲ್ಲ, ಕಳ್ರು!" ಎಂದು ನನ್ನ ಕೆನ್ನೆ ಹಿಂಡುತ್ತಿದ್ದಳು.

ಒಂದು ಬೆಳಿಗ್ಗೆ ಅದೇ ಮೊಸರಿನ ಬಟ್ಟಲನ್ನು ಪಕ್ಕಕ್ಕಿಟ್ಟಳು. ಮುಟ್ಟು ನಿಂತಿತ್ತು.

"ಡಾಕ್ಟ್ರು ಸಡಿಲ ಮಾಡಿದ್ದು ನನಗಷ್ಟೇ ಅತ್ತೆ. ಬಸುರಾದ್ರೆ ಮತ್ತೆ ಪಥ್ಯ ಹಿಡೀಬೇಕು ಅಂದಿದ್ರು. ನನ್ನ ಮಿದುಳು ಬಲಿತಿದೆ, ಹೆಂಗೋ ತಡಕೊಳ್ಳುತ್ತೆ. ಒಳಗಿರೋ ಕೂಸಿಂದು ತಡಕೊಳ್ಳಲ್ಲ."

"ನಿಮ್ಮಮ್ಮ ಇದನ್ನ ಹೇಳಲಿಲ್ಲವಲ್ಲ."

"ಹೇಳಿದ್ರೆ ನೀವು ಒಪ್ತಿದ್ರಾ?"

ಅವ್ವ ಮೊಸರಿನ ಬಟ್ಟಲನ್ನು ಒಳಗೆ ಎತ್ತಿಟ್ಟಳು. ಮರುದಿನ ತಾನೇ ಮರಗೆಣಸಿನ ಹಿಟ್ಟು ತರಿಸಿ ರೊಟ್ಟಿ ತಟ್ಟತೊಡಗಿದಳು. ಅಡುಗೆಮನೆಗೆ ಬೇರೆ ಯಾರನ್ನೂ ಬಿಡಲಿಲ್ಲ. ರಕ್ತಪರೀಕ್ಷೆಗೆ ದೂರದ ಆಸ್ಪತ್ರೆಗೆ ಹೋಗಬೇಕೆಂದಾಗಲೆಲ್ಲ, "ಬಸ್ಸಿನ ಕುಲುಕಾಟ ಬಸುರಿಗೆ ಬೇಡ" ಎಂದು ಅಣ್ಣನ ಬಾಯಿ ಮುಚ್ಚಿಸಿದಳು. ಅತ್ತಿಗೆಗೆ ಅದೂ ಅಕ್ಕರೆಯಾಗಿಯೇ ಕಂಡಿತು. "ನಿಮ್ಮ ಕೈಯ ರೊಟ್ಟಿ ಏನು ಮೆತ್ತಗೆ ಅತ್ತೆ! ನಮ್ಮಮ್ಮಂಗೆ ಹಿಂಗೆ ಬರ್ತಾನೇ ಇರಲಿಲ್ಲ" ಎನ್ನುತ್ತಿದ್ದಳು.

ಏಳನೆಯ ತಿಂಗಳಲ್ಲಿ ಬಯಕೆ ಊಟ. ಕೇರಿಯ ಹೆಂಗಸರು ಮನೆಗೊಂದು ಅಡುಗೆ ಮಾಡಿ ತಂದು ಬಸುರಿಯ ಎಲೆಗೆ ಬಡಿಸಬೇಕು, ಅವಳು ಒಂದೊಂದರಲ್ಲೂ ಒಂದು ತುತ್ತಾದರೂ ತಿನ್ನಬೇಕು. ಬಿಟ್ಟರೆ ಆ ಮನೆಗೆ ಅವಮಾನ. ಅತ್ತಿಗೆ ಕೈಮುಗಿದು ಕೂತಿದ್ದಳು.

"ಯಾಕಮ್ಮ, ನಮ್ಮ ಪಾಯಸದಲ್ಲಿ ಹಲ್ಲಿ ಕಂಡ್ಯಾ?" ಎಂದಳು ಪಕ್ಕದ ಮನೆಯ ಪುಟ್ಟನಂಜಮ್ಮ. ಹೆಂಗಸರು ನಕ್ಕರು.

ಅವ್ವನ ಮುಖ ಕೆಂಪಾಯಿತು. ಸೌಟನ್ನು ಪಾತ್ರೆಯಲ್ಲಿಟ್ಟು, "ಬರೀ ಹೆದರಿಕೆ ಕಣ್ರೇ ಇವಳಿಗೆ" ಎಂದಳು. "ಮೊದಲ ತಿಂಗಳಿಂದ ಇವಳ ರೊಟ್ಟಿ ಹಿಟ್ಟು ಕಲಸಿದ್ದು ಗಟ್ಟಿ ಹಾಲಲ್ಲಿ. ಹೇಳಿದ್ರೆ ತಿಂತಿರಲಿಲ್ಲ, ಅದಕ್ಕೇ ಹೇಳಲಿಲ್ಲ. ಏನಾಗಿದೆ ಇವಳಿಗೆ? ಕೆನ್ನೆ ನೋಡಿ, ಹೆಂಗೆ ತುಂಬಿದೆ."

"ಅತ್ತೆ ಅಂದ್ರೆ ಹಿಂಗಿರಬೇಕು" ಎಂದಳು ಪುಟ್ಟನಂಜಮ್ಮ. ಎಲ್ಲರೂ ತಲೆದೂಗಿದರು.

ಅತ್ತಿಗೆಯ ಕೈ ಹೊಟ್ಟೆಯ ಮೇಲಿತ್ತು. ಅವಳು ಕೇಳಿದಳು: "ದಿನಾನೂ ಅತ್ತೆ?"

"ಒಂದು ದಿನಾನೂ ತಪ್ಪಿಸಿಲ್ಲ ಮಗಳೇ."

ಅತ್ತಿಗೆ ಮುಟ್ಟದ ಎಲೆಯನ್ನು, ಬಡಿಸಿದ್ದೆಲ್ಲ ಅದರಲ್ಲಿರುವಾಗಲೇ, ಎರಡು ಕೈಯಿಂದ ಮಡಚಿದಳು. ತನ್ನ ಕಡೆಗಲ್ಲ, ಸಾವಿನ ಮನೆಯ ಊಟದಲ್ಲಿ ಮಡಚುವಂತೆ ಆಚೆಗೆ. ಎಲೆಯ ಸಂದಿನಿಂದ ಪಾಯಸ ಹರಿದು ರಂಗೋಲಿಯನ್ನು ಮುಟ್ಟಿತು.