ಮನೆಯ ಲೆಕ್ಕಕ್ಕಿಲ್ಲದ ಖೋಲಿ

ಗಂಗಾವತಿಯ ಹೊರಗೆ, ಗುಡ್ಡದ ಬುಡದಲ್ಲಿ, ಮಾಸ್ತರರಿಗೂ ಟೀಚರಮ್ಮಂದಿರಿಗೂ ಸೈಟು ಹಂಚಿದ್ದು ಎಂಬತ್ತೆರಡರಲ್ಲಿ. ಚೀಟಿ ಎತ್ತಿದಾಗ ಎಲ್ಲರಿಗೂ ಚೌಕಾದ ಜಾಗ ಬಂತು. ನನಗೆ ಬಂದದ್ದು ಕಟ್ಟಕಡೆಯದು. ಒಂದು ಕಡೆ ಕಾಲುವೆ ತಿರುಗಿ ಅದನ್ನು ಕೊರೆದಿತ್ತು, ಇನ್ನೊಂದು ಕಡೆ ಬಂಡೆಗಳು ಒತ್ತಿದ್ದವು, ನೈರುತ್ಯದ ಮೂಲೆ ಮಾತ್ರ ಗುಡ್ಡದೊಳಕ್ಕೆ ಉದ್ದಕ್ಕೆ ಚಾಚಿತ್ತು. ‘ಹಂಪವ್ವ ಟೀಚರಿಗೆ ಹರಿದ ರೊಟ್ಟಿ ಬಂತು’ ಎಂದು ಸಾಲೆಯಲ್ಲಿ ನಕ್ಕರು. ನಗಲಿ. ನನಗೆ ಆ ಮೂಲೆಯೇ ಬೇಕಿತ್ತು. ಅಲ್ಲಿ ಬಂಡೆಗಳ ಸಂದಿಯಲ್ಲಿ ಸೀತಾಫಲದ ಗಿಡಗಳಿದ್ದವು, ಬೆಳಿಗ್ಗೆ ಕೌಜುಗಗಳು ಕೂಗುತ್ತಿದ್ದವು.

ಗಂಡ ತೀರಿಕೊಂಡ ಮೇಲೆ ನಾನು ತಮ್ಮ ವೆಂಕೋಬನ ಸಂಸಾರದಲ್ಲೇ ಇದ್ದೆ. ಮಕ್ಕಳಾಗಿರಲಿಲ್ಲ. ಬಾಡಿಗೆ ಮನೆಗಳ ಪಡಸಾಲೆಯಲ್ಲಿ, ಬರುವವರು ಹೋಗುವವರು ದಾಟುವ ಜಾಗದಲ್ಲಿ ನನ್ನ ಹಾಸಿಗೆ. ಪಕ್ಕದಲ್ಲಿ, ಮೊಲೆ ಬಿಟ್ಟಾಗಿನಿಂದ, ತಮ್ಮನ ಮಗಳು ಗಾಳೆಮ್ಮ. ನನ್ನ ಸೆರಗು ಹಿಡಿಯದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಹೊಸ ಮನೆಯಲ್ಲಿ ನಾನು ಕೇಳಿದ್ದು ಒಂದೇ: ಗುಡ್ಡಕ್ಕೆ ಕಿಟಕಿ ಇರುವ ಒಂದು ಖೋಲಿ, ನನಗೂ ಗಾಳೆಮ್ಮನಿಗೂ.

ವೆಂಕೋಬ ನೀರಾವರಿ ಇಲಾಖೆಯಲ್ಲಿ ಓವರ್‌ಸಿಯರ್. ನಕ್ಷೆ ಅವನೇ ಬರೆದ. ಅಡಿಗೆಮನೆಯ ಮಗ್ಗುಲಿಂದ ನನ್ನ ಖೋಲಿ ಮೊಣಕೈ ಮಡಚಿದಂತೆ ಆ ಮೂಲೆಯೊಳಕ್ಕೆ ಹೋಗಿತ್ತು. “ಸೈಟು ಡೊಂಕಿದ್ರ ಏನಾತಕ್ಕ, ಮನಿಯೂ ಅದರ ಸಂಗಟ ಡೊಂಕ ಕಟ್ಟೂಣು” ಎಂದು ನಗುತ್ತಿದ್ದ. ಆದರೆ ಅವನ ಹೆಂಡತಿ ಕಸ್ತೂರೆಮ್ಮ, ವಾಸ್ತು ನೋಡುವ ಕಳಕಪ್ಪನನ್ನು ಕರೆಸದೆ ಗುದ್ದಲಿ ಮುಟ್ಟಗೊಡಲಿಲ್ಲ.

ಕಳಕಪ್ಪ ಸೈಟಿನ ಸುತ್ತ ತಿರುಗಿ, ಆ ಮೂಲೆಯಲ್ಲಿ ನಿಂತು ಮುಖ ಕಿವುಚಿದ.

“ನೈರುತ್ಯ ಬೆಳದೈತ್ರಿ ಸಾಹೇಬ್ರ. ಭಾಳ ಕೆಟ್ಟದು. ಗಂಡಸರ ಆಯುಷ್ಯಕ್ಕ, ಸಣ್ಣ ಮಕ್ಕಳ ಜೀವಕ್ಕ ಕುತ್ತು. ಅಡ್ಡ ಗ್ವಾಡಿ ಹಾಕಿ ಕಡದುಬಿಡ್ರಿ. ಮನಿ ಲೆಕ್ಕಕ್ಕ ಹಿಡೀಬ್ಯಾಡ್ರಿ.”

ಸುಣ್ಣದ ಪುಡಿಯಲ್ಲಿ ಗೆರೆ ಎಳೆದೇಬಿಟ್ಟ. ಇತ್ತ ಚೌಕಾದ ಮನೆ, ಅತ್ತ ನನ್ನ ಮೂಲೆ.

ವೆಂಕೋಬನಿಗೆ ದಾರಿ ಹೊಳೆಯಿತು. “ಛಲೋ ಆತು ಬಿಡಕ್ಕ! ಅಲ್ಲೇ ನಿನಗೊಂದು ಖೋಲಿ ಕಟ್ಟಿಸ್ತೀನಿ. ಗುಡ್ಡಾನೂ ಕಾಣ್ತೈತಿ.”

“ಒಳಗಿಂದ ಬಾಗಲಾ ಎಲ್ಲಿಡ್ತೀ?”

“ಒಳಗಿಂದ ಬಾಗಲಾ ಇಟ್ರ ಮೂಲಿ ಮತ್ತ ಮನಿಗೆ ಕೂಡ್ತೈತಲ್ಲಕ್ಕ. ಹೊರಗಿಂದ ಇಡೂಣು.”

“ಅಲ್ಲಿ ಇರೋಳಿಗೆ ಕುತ್ತಿಲ್ಲೇನ್ರಿ?” ಎಂದು ಕಳಕಪ್ಪನನ್ನು ಕೇಳಿದೆ.

ಅವನು ಕೈಗೆ ಅಂಟಿದ ಸುಣ್ಣ ಒರೆಸಿಕೊಳ್ಳುತ್ತ, ಸಮಾಧಾನ ಹೇಳುವವನಂತೆ, “ನಿಮಗೇನು ಹೆದರಿಕಿ ಇಲ್ರಿ ಟೀಚರ್. ಗಂಡಿಲ್ಲ, ಮಕ್ಕಳಿಲ್ಲ. ಅದು ಯಾರನ್ನ ತಗೊಂಡೀತು?” ಎಂದ.

ನನ್ನ ಹೆಸರಿನ ಸೈಟಿನಲ್ಲಿ ನಿಂತು, ನನ್ನ ಮುಖಕ್ಕೇ ಈ ಮಾತು. ಮೈಯೆಲ್ಲ ಉರಿದುಹೋಯಿತು. ತಮ್ಮ ಏನಾದರೂ ಅಂದಾನು ಎಂದು ಕಾದೆ. ಅವನು ಅಳತೆಯ ಟೇಪು ಸುತ್ತುತ್ತಿದ್ದ. ಕಸ್ತೂರೆಮ್ಮ ನಿರಾಳವಾಗಿ ತಲೆಯಾಡಿಸಿದಳು. ಅವಳು ಕೆಟ್ಟವಳಲ್ಲ, ಅದಕ್ಕೇ ಇನ್ನಷ್ಟು ಚುಚ್ಚಿತು. “ಹಂಗಾದ್ರ ಈ ಗುಡ್ಡಾನೂ ಕಡಸ್ರಿ!” ಎಂದು ಕೂಗಾಡಿದೆ, ಮಾತು ಬಿಟ್ಟೆ, ಊಟ ಬಿಟ್ಟೆ. ಅವರು ಗೋಡೆ ಎಬ್ಬಿಸಿದರು. ಖೋಲಿ ಎಲ್ಲಿದ್ದರೇನು, ಗಾಳೆಮ್ಮ ಜೊತೆಗಿರುತ್ತಾಳಲ್ಲ ಎಂದು ಕೊನೆಗೆ ನಾನೇ ಸುಮ್ಮನಾದೆ.

ಗೃಹಪ್ರವೇಶದ ದಿನ ನಂಟರೆಲ್ಲ ಉಂಡು ಹೋದ ಮೇಲೆ ಅಂಗಳ ದಾಟಿ, ಗೋಡೆ ಬಳಸಿಕೊಂಡು ನನ್ನ ಖೋಲಿಗೆ ಬಂದೆ. ಸುಳ್ಳು ಹೇಳಬಾರದು, ಒಪ್ಪವಾಗಿತ್ತು. ಕಿಟಕಿ ತುಂಬ ಗುಡ್ಡ. ಇಬ್ಬರಿಗೂ ಹಾಸಿಗೆ ಹಾಸಿದೆ. ಇನ್ನೂ ಬಿಸಿಲಿರುವಾಗಲೇ ಗಾಳೆಮ್ಮ ತನ್ನ ಕೌದಿಯನ್ನು ಅವುಚಿಕೊಂಡು ಓಡಿಬಂದಳು. ಅವರವ್ವ ಬೇಡವೆಂದು ಹಿಡಿದುಕೊಂಡಿದ್ದಳಂತೆ, ಕೊಸರಿಕೊಂಡು ಬಂದಿದ್ದಳು.

“ಅತ್ತಿ, ನಾ ಬಂದೆ!”

ಒಂದು ಕಾಲು ಆಗಲೇ ಹೊಸ್ತಿಲ ಮೇಲಿತ್ತು. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಎಂಬತ್ತರ ಸೂರ್ಯಗ್ರಹಣದಲ್ಲಿ ಊರಿಗೆ ಊರೇ ಕದ ಹಾಕಿಕೊಂಡು ಕೂತಾಗ ಬೀದಿಯಲ್ಲಿ ತಿರುಗಾಡಿದವಳು. ಆದರೆ ಆ ಸಣ್ಣ ಪಾದ ಕಂಡದ್ದೇ ತಡ, ‘ಸಣ್ಣ ಮಕ್ಕಳ ಜೀವಕ್ಕ’ ಎಂದ ಕಳಕಪ್ಪನ ಮಾತು ನೆನಪಾಯಿತು.

“ಬರಬ್ಯಾಡ! ಅಲ್ಲೇ ನಿಂದ್ರು!” ಎಂದು ಚೀರಿದೆ.

ಅವಳು ಬೆಚ್ಚಿ ಕಾಲು ಹಿಂದಕ್ಕೆ ತೆಗೆದುಕೊಂಡಳು. “ನಾ ಏನ್ ಮಾಡೀನತ್ತಿ?”

ಎದ್ದು ಹೋಗಿ ಬಾಗಿಲು ಅರ್ಧ ಮುಂದಕ್ಕೆ ಮಾಡಿದೆ.

“ಹೋಗವ್ವ,” ಎಂದೆ. “ನಿಮ್ಮ ಮನಿಗೆ ಹೋಗು.”