ನೀರು ಮುಟ್ಟದೆ ಆಡಿದ ಮ್ಯಾಚು

ಫುಟ್‌ಬಾಲ್ ಅಂದರೆ ನನಗೆ ಮೊದಲು ಮಣ್ಣೂ ತಿಳಿಯುತ್ತಿರಲಿಲ್ಲ. ನಾನು ಸರ್ವರಬೇಗಂ, ನರೋಣಾದ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಹುಡುಗಿಯರ ಟೀಮು ಪರವೂರಿಗೆ ಹೋಗುವಾಗ ಜೊತೆಗೊಬ್ಬ ಹೆಂಗಸು ಬೇಕೇ ಬೇಕು ಎಂದು ಪಿ.ಟಿ. ಮಾಸ್ತರ ಶಿವಪ್ರಕಾಶ ಸರ್ ನನ್ನನ್ನು ಬಸ್ಸು ಹತ್ತಿಸಿದರು. ನನ್ನ ಮಗಳು ಜಸ್ಮೀನ ಗೋಲ್‌ಕೀಪರ್, ಹಾಗಾಗಿ ನಾನೂ ಇಲ್ಲವೆನ್ನಲಿಲ್ಲ. ಟೀಮಿನ ಹುಡುಗಿಯರಿಗೆಲ್ಲ ನಾನು ಖಾಲಾ, ಅಂದರೆ ಚಿಕ್ಕಮ್ಮ. ಎರಡು ಮ್ಯಾಚು ನೋಡುವಷ್ಟರಲ್ಲಿ ಹುಚ್ಚು ಹಿಡಿಯಿತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಗೆರೆಯ ಹೊರಗೆ ಓಡಾಡುತ್ತ ರೆಫರಿಯ ವಂಶವನ್ನೇ ಜಾಲಾಡಿಬಿಡುತ್ತಿದ್ದೆ.

ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ಹಳ್ಳಿಗಳ ಲೀಗು ಅದು. ದೀಪಾವಳಿ ಮುಗಿದ ಮೇಲೆ ಶುರುವಾಗಿ ಬಿಸಿಲು ಏರುವ ತನಕ ನಡೆಯಿತು. ನಮ್ಮ ಹುಡುಗಿಯರು ಎಲ್ಲೂ ಸೋಲಲಿಲ್ಲ. ಜೇವರ್ಗಿಯಲ್ಲಿ ಅಕಾಲದ ಮಳೆ ಬಂದು, ಎರೆಮಣ್ಣು ಅಂಟಿ ಚೆಂಡೇ ಉರುಳದ ದಿನ ಸಮ ಮಾಡಿಕೊಂಡು ಬಂದರು. ಮಟಕಿಯಲ್ಲಿ ತೊಗರಿ ಕೊಯ್ದ ಹೊಲದಲ್ಲಿ ಕೂಳೆ ಚುಚ್ಚಿಸಿಕೊಂಡು ಗೆದ್ದರು. ಕೊನೆಯ ಮ್ಯಾಚು ಕರಜಗಿಯಲ್ಲಿ, ಕರಜಗಿಯವರ ಮೇಲೆಯೇ. ಸೋಲದಿದ್ದರೆ ಸಾಕು, ಕಪ್ಪು ನಮ್ಮದು. ಸೋತರೆ ಅವರದು.

ನಮ್ಮ ಪಾಲಿನ ಗೋಲುಗಳನ್ನೆಲ್ಲ ಹೊಡೆಯುತ್ತಿದ್ದವಳು ವಿಜಯಶ್ರೀ. ಲಿಂಗಾಯತರ ಹುಡುಗಿ, ಅಜ್ಜಿ ಗುರುಬಾಯಿ ಸಾಕಿ ಬೆಳೆಸಿದವಳು. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಆಡುವಾಗ ಅದನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಬಿಗಿದು ಕಟ್ಟಿಕೊಳ್ಳುತ್ತಿದ್ದಳು. ನಮ್ಮ ಕಡೆಯ ರೆಫರಿಗಳು ಕಂಡೂ ಕಾಣದಂತೆ ಇದ್ದರು. ಕರಜಗಿಗೆ ಬಂದವನು ದೂರದ ಊರಿನವನು. ಆಟಕ್ಕೆ ಮುಂಚೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಅವಳ ಕೊರಳಿನ ದಾರ ಕಣ್ಣಿಗೆ ಬಿತ್ತು.

“ಬೆಳ್ಳಿ ಇದೆ, ಯಾರ ಮುಖಕ್ಕಾದರೂ ಬಡಿದರೆ? ತೆಗೆದಿಟ್ಟು ಆಡಮ್ಮ, ಇಲ್ಲದಿದ್ದರೆ ಹೊರಗೆ ಕೂತ್ಕೋ,” ಎಂದ.

ನಾನು ಬಾಯಿಗೆ ಬಂದಂತೆ ಬೈದೆ. ಶಿವಪ್ರಕಾಶ ಸರ್ ಕೈಮುಗಿದು ಕೇಳಿಕೊಂಡರು. ಅವನು ಜಗ್ಗಲಿಲ್ಲ. ನಿಯಮ ಅವನ ಕಡೆಗಿತ್ತು, ಅವನದೂ ತಪ್ಪೆನ್ನಲಾರೆ. ಆದರೂ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಗೊಣಗಿದೆ.

ವಿಜಯಶ್ರೀ ಗಿಡದ ಮರೆಗೆ ಹೋಗಿ ಬಂದಳು. ಕರಡಿಗೆ ಅಂಗೈಯಲ್ಲಿತ್ತು.

“ಖಾಲಾ, ಇದನ್ನ ಹಿಡ್ಕೋರಿ. ನೆಲಕ್ಕ ಇಡಬ್ಯಾಡ್ರಿ.”

“ಯಾ ಅಲ್ಲಾ! ನಾ ಮುಸಲ್ಮಾನರಾಕಿ ಬೇ. ನಿಮ್ಮಜ್ಜಿ ಏನಂದಾಳು?”

“ಅಜ್ಜಿ ನನ್ನನ್ನೇ ನಿಮ್ಮ ಕೈಯಾಗ ಕೊಟ್ಟು ಕಳಿಸ್ಯಾಳಲ್ರಿ,” ಎಂದಳು.

ಕೈ ತೊಳೆದು ಬಂದು, ಬೊಗಸೆಯಲ್ಲಿ ಸೆರಗು ಹಾಸಿ ತೆಗೆದುಕೊಂಡೆ.

ಅರ್ಧ ಆಟ ಮುಗಿಯುವಾಗ ಕರಜಗಿಯವರು ಒಂದು ಗೋಲು ಮುಂದಿದ್ದರು. ಬಿಸಿಲಿಗೆ ನೆಲ ಕಾದ ಹಂಚಿನಂತಾಗಿತ್ತು. ಹುಡುಗಿಯರು ನೀರಿನ ಬಾಟಲಿಗೆ ಮುಗಿಬಿದ್ದರು. ವಿಜಯಶ್ರೀ ಮಾತ್ರ ಆಚೆ ಮುಖ ಮಾಡಿ ಕುಳಿತಿದ್ದಳು.

“ಕುಡಿ ಬೇ! ಏನು ಸೊಕ್ಕು ನಿಂದು?” ಎಂದು ಗದರಿದೆ.

“ಸೊಕ್ಕಲ್ರಿ. ಲಿಂಗ ಮೈಮ್ಯಾಲಿಲ್ಲ. ಜಳಕಾ ಮಾಡಿ, ಪೂಜಾ ಮಾಡಿ ಮತ್ತ ಕಟ್ಕೊಳ್ಳೋತನಕ ಹನಿ ನೀರೂ ಕುಡಿಯಂಗಿಲ್ಲ. ಅಜ್ಜಿಗೆ ಮಾತು ಕೊಟ್ಟೇನಿ.”

“ತೆಗೆಯುವಾಗ ಇದು ಗೊತ್ತಿತ್ತೇನು ನಿನಗ?”

“ಹೌದ್ರಿ.”

ಶಿವಪ್ರಕಾಶ ಸರ್ ಕೇಳಿಸಿಕೊಂಡು ಬೆಚ್ಚಿಬಿದ್ದರು. “ಹಂಗಿದ್ರ ಆಡೋದು ಬ್ಯಾಡವ್ವ. ಬಿದ್ದು ಏನರ ಆದ್ರ? ಕಪ್ಪು ಹೋದ್ರ ಹೋಗ್ಲಿ.”

“ಸರ, ಆಡ್ತೇನಿ,” ಎಂದಳು, ಅಷ್ಟೇ. ಸರ್ ನನ್ನ ಮುಖ ನೋಡಿದರು. ಅವಳನ್ನು ಸುರಕ್ಷಿತವಾಗಿ ಗುರುಬಾಯಿಗೆ ಒಪ್ಪಿಸಬೇಕಾದವಳು ನಾನೇ ಅಲ್ಲವೇ? ವರ್ಷವರ್ಷ ನಾನೂ ರಂಜಾನಿನ ರೋಜಾ ಹಿಡಿಯುತ್ತೇನೆ. ಬಾಯಿ ಒಣಗಿದರೆ ಎಷ್ಟು ಹೊತ್ತಿಗೆ ಕಣ್ಣು ಕತ್ತಲೆ ಬರುತ್ತದೆ ಎಂದು ಗೊತ್ತು. ಅದೂ ನೆರಳಿನಲ್ಲಿ ಕುಳಿತವಳಿಗೆ. ಬೇಡ ಎನ್ನಬೇಕೆಂದೇ ಬಾಯಿ ತೆರೆದೆ. ಅವಳ ಕಣ್ಣು ನೋಡಿ ಬೇರೆಯದೇ ಮಾತು ಬಂತು.

“ಆಡ್ಲಿ ಬಿಡ್ರಿ ಸರ. ಕಾಲು ತಡವರಿಸಿದ್ರ ನಾನೇ ಒಳಗ ನುಗ್ಗಿ ಎತ್ಕೊಂಡು ಬರ್ತೇನಿ.”

ಅಂದದ್ದೇನೋ ಅಂದೆ, ಜೀವ ಬಾಯಿಗೆ ಬಂದಿತ್ತು. ಎರಡೂ ಕೈ ಕಟ್ಟಿಹಾಕಿದಂತೆ ಬೊಗಸೆ ಹಿಡಿದು ಕುಳಿತೆ. ಜಸ್ಮೀನ ಅಡ್ಡಬಿದ್ದು ಒಂದು ಚೆಂಡು ತಡೆದಳು, ನನ್ನ ಮಗಳಿಗೆ ಒಂದು ಚಪ್ಪಾಳೆ ಹೊಡೆಯಲೂ ಆಗಲಿಲ್ಲ. ವಿಜಯಶ್ರೀ ಈಗ ಓಡುತ್ತಿರಲಿಲ್ಲ, ನಡೆಯುತ್ತಿದ್ದಳು. ಇವಳ ಕಥೆ ಮುಗಿಯಿತೆಂದು ಕರಜಗಿಯ ಹುಡುಗಿಯರು ಅವಳ ಬೆನ್ನಿಗೆ ಕಾವಲು ನಿಲ್ಲುವುದನ್ನೇ ಬಿಟ್ಟರು. ಆಟ ಇನ್ನೇನು ಮುಗಿಯಬೇಕು, ಜಸ್ಮೀನ ಒದ್ದ ಚೆಂಡು ಎಲ್ಲರ ತಲೆ ದಾಟಿ ಇವಳ ಮುಂದೆ ಪುಟಿಯಿತು. ಆಗ ಓಡಿದಳು ನೋಡಿ! ಆ ಮೈಯಲ್ಲಿ ಅಷ್ಟೊಂದು ಓಟ ಎಲ್ಲಿ ಉಳಿದಿತ್ತೋ ಆ ಅಲ್ಲಾನೇ ಬಲ್ಲ. ಒದ್ದಳು. ಬಲೆ ಅಲುಗಿತು.

ಸೀಟಿ ಊದಿದಾಗ ಸಮ. ಹುಡುಗಿಯರು ಕಿರುಚಿಕೊಂಡು ಅವಳ ಮೇಲೆ ಬಿದ್ದರು. ಅವಳು ಎಲ್ಲರನ್ನೂ ಸರಿಸಿ, ಕೈ ಮುಂದೆ ಚಾಚಿಕೊಂಡು ನನ್ನ ಕಡೆ ಬಂದಳು.

ಪಕ್ಕದ ಕಬ್ಬಿನ ಗದ್ದೆಯಲ್ಲಿ ಬೋರು ಓಡುತ್ತಿತ್ತು. ಒಂದು ಕೈಯಲ್ಲಿ ಕರಡಿಗೆಯನ್ನು ಎದೆಗೊತ್ತಿಕೊಂಡು, ಇನ್ನೊಂದರಲ್ಲಿ ಅವಳ ಭುಜ ಹಿಡಿದು ಅಲ್ಲಿಗೆ ನಡೆಸಿದೆ. ಮೈಮೇಲಿನ ಬಟ್ಟೆಯಲ್ಲೇ ಪೈಪಿನ ಕೆಳಗೆ ಕುಳಿತಳು. ಕೈ ಗಾತ್ರದ ಧಾರೆ, ತಂಪು ನೀರು, ತಲೆಯಿಂದ ಮುಖದ ಮೇಲೆ ಸುರಿಯುತ್ತಿದೆ. ಹುಡುಗಿಯ ತುಟಿ ಬಿರಿದು ರಕ್ತ ಬಂದಿದೆ. ಒಂದು ಗುಟುಕು ಒಳಗೆ ಹೋದರೆ ಯಾರಿಗೆ ಗೊತ್ತಾಗಬೇಕು? ಹೋಗಲಿಲ್ಲ. ಜಳಕ ಮುಗಿಯುವ ತನಕ ತುಟಿ ಬಿಗಿ ಹಿಡಿದೇ ಇದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಇಷ್ಟು ವರ್ಷ ನಮಾಜು ಮಾಡಿದ್ದೇನೆ, ದರ್ಗಾಕ್ಕೆ ಹೋಗಿದ್ದೇನೆ, ಇಂಥದ್ದನ್ನು ಕಂಡಿರಲಿಲ್ಲ.

ನನ್ನ ಕೈಯಿಂದ ಕರಡಿಗೆ ತೆಗೆದುಕೊಂಡು, ಲಿಂಗವನ್ನು ಎಡಗೈಯಲ್ಲಿಟ್ಟು ಕಣ್ಣು ಮುಚ್ಚಿ ಪೂಜೆ ಮಾಡಿದಳು. ಕೊರಳಿಗೆ ಕಟ್ಟಿಕೊಂಡಳು. ಆಮೇಲೆ ಪೈಪಿಗೆ ಬೊಗಸೆ ಒಡ್ಡಿ ಕುಡಿದಳು, ಕುಡಿದಳು. ಉಸಿರು ತೆಗೆದುಕೊಂಡು ನನ್ನತ್ತ ತಿರುಗಿದಳು.

“ಖಾಲಾ, ಖರೇ ಹೇಳ್ರಿ. ನಾವು ಸೋತಿಲ್ಲ ಹೌದಿಲ್ರಿ? ಕಡೀಕ ನಂಗ ಕಣ್ಣೇ ಕಾಣಸ್ತಿದ್ದಿಲ್ಲ. ಚೆಂಡು ಒದ್ದೆ, ಅದು ಎಲ್ಲಿ ಹೋತು ಗೊತ್ತಾಗಲಿಲ್ಲ.”

“ಸೋತಿಲ್ಲ, ನನ್ನವ್ವ,” ಎಂದೆ. “ಈ ವರ್ಷ ಎಲ್ಲೂ ಸೋತಿಲ್ಲ.”